ಹೊಟ್ಟೆಗೆ ಬಿಗಿದ ಸೀರೆ

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಆವತಿ ಊರಿನ ನಮ್ಮ ಮನೆಗೆ ಬಂದಾಗಲೆಲ್ಲ ಕೇಳುವ ಮೊದಲ ಪ್ರಶ್ನೆ, "ಮೇಡಂ, ಯಾವ ಡ್ಯೂಟಿ ಸುಲಭ?" ನನಗೆ ಮೈಯೆಲ್ಲ ಉರಿಯುತ್ತದೆ. ಸುಲಭದ ಕೆಲಸ ಬೇಕಿದ್ದರೆ ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ಗಾಡಿ ಜೋಡಿಸುವುದಕ್ಕೆ ಜನ ಬೇಕಂತೆ, ಅಲ್ಲಿಗೆ ಹೋಗಿ ಎಂದು ಬೈದು, ಕಾಫಿ ಕೊಟ್ಟು ಕಳಿಸುತ್ತೇನೆ. ಬೈದ ಮೇಲೆ ಮನಸ್ಸು ತಡೆಯುವುದಿಲ್ಲ. ಇವರಿಗೆ ಯಾರೂ ನಿಜ ಹೇಳುವುದಿಲ್ಲವಲ್ಲ ಅನ್ನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಹೆಡ್ ಸಿಸ್ಟರ್ ಆದೆ, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಒಂದು ಬಗೆಯ ಆಪರೇಷನ್ನು, ಅದರಲ್ಲಿ ನಾವು ಕಲಿತದ್ದು, ನಾನು ಮಾಡಿದ ತಪ್ಪು, ಇಷ್ಟೇ.

ನಾನು ಕೆಲಸ ಮಾಡಿದ್ದು ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ. ವಿಮಾನ ನಿಲ್ದಾಣ ಬರುವ ಮುಂಚೆ ಅಲ್ಲಿ ಹೆರಿಗೆ, ಅಪೆಂಡಿಕ್ಸು, ಹರ್ನಿಯ, ಗರ್ಭಕೋಶ ತೆಗೆಯುವುದು, ಇಷ್ಟೇ ನಡೆಯುತ್ತಿದ್ದದ್ದು. ನಿಲ್ದಾಣ ಬಂತು, ಅದರ ಹಿಂದೆ ದೊಡ್ಡ ರಸ್ತೆ ಬಂತು. ಸಿಟಿಯ ಕ್ಯಾನ್ಸರ್ ಸರ್ಜನ್ನು ಒಂದು ಗಂಟೆಯಲ್ಲಿ ನಮ್ಮಲ್ಲಿಗೆ ಬಂದು ಮುಟ್ಟುವ ಹಾಗಾಯಿತು. ಅವರು ಶೇಷಾದ್ರಿ ಸರ್. ಪ್ರತಿ ಮಂಗಳವಾರ ಬರುತ್ತಿದ್ದರು. ನಮ್ಮಲ್ಲಿ ಜನ ಕಡಿಮೆ. ಮಂಗಳವಾರ ನಾನು ಆಪರೇಷನ್ ಥಿಯೇಟರಿನಲ್ಲಿ ಅವರ ಕೈಗೆ ಸಾಮಾನು ಕೊಡುತ್ತಿದ್ದೆ, ಉಳಿದ ದಿನ ಹೆಂಗಸರ ವಾರ್ಡು ನೋಡಿಕೊಳ್ಳುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ. ಹೊಟ್ಟೆ ಒಳಗೆ ಏನು ಮಾಡಿದ್ದಾರೆಂದು ಕಣ್ಣಾರೆ ಕಂಡವಳೂ ನಾನೇ, ಆಮೇಲೆ ಮಂಚದ ಪಕ್ಕ ನಿಂತವಳೂ ನಾನೇ.

ಅಂಡಾಶಯದ ಕ್ಯಾನ್ಸರು ಬಂದ ಹೆಂಗಸರು ಬೇಗ ಆಸ್ಪತ್ರೆಗೆ ಬರುವುದಿಲ್ಲ. ಗ್ಯಾಸು, ಹೊಟ್ಟೆ ಉಬ್ಬರ ಎಂದು ಆರು ತಿಂಗಳು ಜೀರಿಗೆ ಕಷಾಯ ಕುಡಿದುಕೊಂಡು ಇರುತ್ತಾರೆ. ಅಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ, ಆ ನೀರಿನಲ್ಲಿ ಕ್ಯಾನ್ಸರಿನ ಕಣಗಳು ತೇಲಿ ಮೇಲಕ್ಕೆ ಹೋಗಿ, ಬಲಗಡೆ ಲಿವರಿನ ನೆತ್ತಿಯ ಮೇಲೆ ಮನೆ ಮಾಡಿಕೊಂಡಿರುತ್ತವೆ. ಲಿವರಿಗೆ ಚಾವಣಿಯ ಹಾಗಿರುವುದು ವಪೆ. ಉಸಿರು ಎಳೆದಾಗ ಕೆಳಗೆ ಬಂದು, ಬಿಟ್ಟಾಗ ಮೇಲೆ ಹೋಗುವ ತೆಳು ಸ್ನಾಯು ಅದು. ಅದರ ಈಚೆ ಲಿವರು, ಆಚೆ ಶ್ವಾಸಕೋಶ. ಶಾಲೆಯಲ್ಲಿ ಓದಿರುತ್ತೀರಿ, ಪರೀಕ್ಷೆ ಮುಗಿದ ಮಾರನೇ ದಿನ ಮರೆತಿರುತ್ತೀರಿ.

ನಮ್ಮಲ್ಲಿ ಮೊದಲಿದ್ದ ಹಿರಿಯ ಸರ್ಜನ್ ಹೊಟ್ಟೆ ತೆರೆದ ಮೇಲೆ ಅಂಗೈಯನ್ನು ಮೇಲಕ್ಕೆ ಕಳಿಸಿ ವಪೆಯ ಅಡಿ ಸವರುತ್ತಿದ್ದರು. ಅಲ್ಲಿ ರವೆ ಹಾಗೆ ಕೈಗೆ ಹತ್ತಿದರೆ ಸುಮ್ಮನೆ ಕೈ ಹೊರಗೆ ತೆಗೆದು, "ಹೊಲಿಗೆ ಹಾಕಿ" ಎನ್ನುತ್ತಿದ್ದರು. ಅಷ್ಟೇ. ಹೊರಗೆ ಕಾದಿದ್ದ ಮನೆಯವರಿಗೆ, "ಆಪರೇಷನ್ ಆಯ್ತು" ಎಂದು ಹೇಳುತ್ತಿದ್ದೆವು. ಏನಾಯಿತು, ಏನಾಗಲಿಲ್ಲ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಶೇಷಾದ್ರಿ ಸರ್ ಹಾಗಲ್ಲ. ಮೊದಲು ಮೂರು ಸುತ್ತು ಕೀಮೋ ಕೊಡಿಸಿ ರೋಗ ಕುಗ್ಗಿಸಿ, ಆಮೇಲೆ ಹೊಟ್ಟೆ ತೆರೆದು, ಲಿವರನ್ನು ಅದರ ಕಟ್ಟುಗಳಿಂದ ಬಿಡಿಸಿ ಪಕ್ಕಕ್ಕೆ ಹೊರಳಿಸಿ, ವಪೆಯ ಅಡಿಯ ಪೊರೆಯನ್ನು ಗಂಟುಗಳ ಸಮೇತ ಸುಲಿದು ತೆಗೆಯುತ್ತಿದ್ದರು. ಒಂದು ಚೂರೂ ಉಳಿಯಬಾರದು ಎನ್ನುವುದು ಅವರ ಹಟ. ತೆಳ್ಳಗಿನ ಮನುಷ್ಯ. ಕೋಪ ಬಂದಷ್ಟೂ ಅವರ ದನಿ ಇಳಿಯುತ್ತಿತ್ತು. ಪಿಸುಮಾತಿಗೆ ಬಂತೆಂದರೆ ನಮ್ಮ ಕೈಕಾಲು ತಣ್ಣಗಾಗುತ್ತಿದ್ದವು.

ಆ ಪಿಸುಮಾತು ನಾನು ಮೊದಲು ಕೇಳಿದ್ದು ನಮ್ಮ ದೇವನಹಳ್ಳಿ ಪಕ್ಕದ ಚನ್ನರಾಯಪಟ್ಟಣದ ಕಡೆಯ ಒಬ್ಬ ಹೆಂಗಸಿನ ಆಪರೇಷನ್ನಿನಲ್ಲಿ. ಲಿವರು ಹೊರಳಿಸಿದ್ದಾರೆ, ಪೊರೆ ಅರ್ಧ ಸುಲಿದಾಗಿದೆ. ಇದ್ದಕ್ಕಿದ್ದ ಹಾಗೆ ಲಿವರಿನ ಹಿಂದಿನಿಂದ ಕಪ್ಪು ರಕ್ತ ಉಕ್ಕಿ ಬಂತು. ಹಿಂದಿನ ಒಂದು ಸಣ್ಣ ರಕ್ತನಾಳ ಹರಿದಿತ್ತು. ಹೀರುವ ಮೆಷೀನಿನ ಬಾಟಲಿ ನಾನು ನೋಡುತ್ತಿದ್ದ ಹಾಗೇ ತುಂಬುತ್ತಿದೆ. ಅವರು ಕೇಳುವ ಮುಂಚೆಯೇ ದೊಡ್ಡ ಕ್ಲ್ಯಾಂಪು ತೆಗೆದು ಅವರ ಕೈಗೆ ಇಟ್ಟೆ. ಅವರು ಅದನ್ನು ತಿರುಗಿಸಿ ನನ್ನ ಟ್ರೇಗೆ ಹಾಕಿ ಪಿಸುಗುಟ್ಟಿದರು.

"ಸಿಸ್ಟರ್, ಏನನ್ನ ಹಿಡೀಲಿ ಇದರಲ್ಲಿ? ನಿಮಗೆ ಕಾಣ್ತಿದೆಯಾ?"

ಕಾಣುತ್ತಿರಲಿಲ್ಲ. ಅವರು ದೊಡ್ಡ ಬಟ್ಟೆಯ ಪ್ಯಾಡು ಒತ್ತಿ, ಅದರ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತುಬಿಟ್ಟರು. ಇಪ್ಪತ್ತು ನಿಮಿಷ. ಅರಿವಳಿಕೆ ಡಾಕ್ಟರು ರಕ್ತದೊತ್ತಡ ಓದುತ್ತಿದ್ದರು, ಅದು ಇಳಿಯುತ್ತಿತ್ತು, ರಕ್ತದ ಚೀಲ ಏರಿಸುತ್ತಿದ್ದರು. ಆಮೇಲೆ ಸರ್ ಪ್ಯಾಡನ್ನು ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದಾಗ, ತೂತು ಕಣ್ಣಿಗೆ ಕಂಡಿತು. ಎರಡು ಹೊಲಿಗೆ ಹಾಕಿದರು. ಕುರುಡಾಗಿ ಕ್ಲ್ಯಾಂಪು ಹಾಕಿದ್ದರೆ ಸಣ್ಣ ತೂತು ದೊಡ್ಡದಾಗಿ ಆ ಹೆಂಗಸು ಮೇಜಿನ ಮೇಲೇ ಹೋಗುತ್ತಿದ್ದಳು ಎಂದು ಆಮೇಲೆ ಹೇಳಿದರು.

ಇನ್ನೊಂದು ಭಯ ವಪೆ ತೂತಾಗುವುದು. ಪೊರೆ ಸುಲಿಯುವಾಗ ಸ್ನಾಯುವೂ ಸೇರಿಕೊಂಡು ಬರಬಹುದು. ಅದಕ್ಕೆ ಸುಲಿದು ಮುಗಿದ ಮೇಲೆ ಲಿವರಿನ ಮೇಲೆಲ್ಲ ಉಪ್ಪುನೀರು ತುಂಬಿಸಿ, ಶ್ವಾಸಕೋಶಕ್ಕೆ ಜೋರಾಗಿ ಗಾಳಿ ತುಂಬಿ ಎಂದು ಅರಿವಳಿಕೆ ಡಾಕ್ಟರಿಗೆ ಹೇಳುತ್ತಿದ್ದರು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ನೋಡುತ್ತಾನಲ್ಲ, ಥೇಟ್ ಹಾಗೆ. ನಾವೆಲ್ಲ ಉಸಿರು ಹಿಡಿದು ನೀರನ್ನೇ ನೋಡುತ್ತಿದ್ದೆವು. ಗುಳ್ಳೆ ಬಂದರೆ ತೂತು ಇದೆ, ಹೊಲಿದು, ಪಕ್ಕೆಲುಬಿನ ಸಂದಿಯಿಂದ ಎದೆಗೂಡಿಗೆ ಒಂದು ಕೊಳವೆ ಇಡಬೇಕು. ಗುಳ್ಳೆ ಬರದಿದ್ದರೆ ಕೊಳವೆ ಬೇಡ. ಗುಳ್ಳೆ ಬರಲಿಲ್ಲವೆಂದರೆ ಗಂಡಾಂತರ ಮುಗಿಯಿತು ಎಂದು ನಾನು ಭಾವಿಸಿಕೊಂಡಿದ್ದೆ. ಸುಲಿದ ಜಾಗ ಹಸಿ ಗಾಯ, ತೂತಿಲ್ಲದಿದ್ದರೂ ಅದರ ಆಚೆ ಬದಿ ನೀರು ಒಸರಿ ನಿಧಾನಕ್ಕೆ ಶ್ವಾಸಕೋಶವನ್ನು ಅಮುಕಬಹುದು ಎಂದು ಸರ್ ಎರಡು ಮೂರು ಸಲ ಹೇಳಿದ್ದರು. ಕೇಳಿದ್ದೆ, ತಲೆಗೆ ಇಳಿದಿರಲಿಲ್ಲ.

ಈಗ ಪದ್ಮಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇಲ್ಲಿಗೆ ಬರಲು ಮನಸ್ಸು ಹಿಂಜರಿದದ್ದಕ್ಕೆ.

ಪದ್ಮ ದೊಡ್ಡಬಳ್ಳಾಪುರದ ನೇಕಾರರ ಮನೆಯ ಸೊಸೆ. ವಯಸ್ಸು ನಲವತ್ತೈದರ ಸುಮಾರು. ಮನೆಯಲ್ಲೇ ಎರಡು ಪವರ್‌ಲೂಮ್, ಗಂಡ ಒಂದರ ಮುಂದೆ, ಇವಳು ಒಂದರ ಮುಂದೆ. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡವಳು. ಹದಿನೆಂಟಕ್ಕೆ ಮದುವೆಯಾಗಿ ಬಂದ ಮೇಲೆ ಅತ್ತೆ ಅಶ್ವತ್ಥಮ್ಮನವರೇ ತಾಯಿ. ಮೂರು ಬಾಣಂತನವನ್ನೂ ಅವರೇ ಮಾಡಿದ್ದರು. ಆಸ್ಪತ್ರೆಯಲ್ಲಿ ಸೊಸೆಯ ಜೊತೆ ಇದ್ದವರೂ ಅವರೇ. ತಲೆ ಬಾಚುವುದು, ಮೈ ಒರೆಸುವುದು, ಅಂಗಾಲು ತಿಕ್ಕುವುದು, ಯಾವುದನ್ನೂ ನಮ್ಮ ಆಯಾಗಳಿಗೆ ಬಿಟ್ಟುಕೊಡುತ್ತಿರಲಿಲ್ಲ. "ನಿಮ್ ಕೈ ಒರಟು, ಬಿಡ್ರವ್ವ" ಎನ್ನುತ್ತಿದ್ದರು.

ಮಂಗಳವಾರ ಆಪರೇಷನ್ ಚೆನ್ನಾಗಿ ಆಯಿತು. ವಪೆಯ ಬಲಭಾಗವನ್ನೆಲ್ಲ ಸುಲಿದರು. ಗುಳ್ಳೆ ಬರಲಿಲ್ಲ. ಕೊಳವೆ ಹಾಕಲಿಲ್ಲ. ಬುಧವಾರ, ಗುರುವಾರ ಏನೂ ತೊಂದರೆಯಿಲ್ಲ. ಶುಕ್ರವಾರ ಬೆಳಗ್ಗೆ ಎಂಟಕ್ಕೆ ನಾನು ವಾರ್ಡಿಗೆ ಬಂದ ಕೂಡಲೇ ಅಶ್ವತ್ಥಮ್ಮ ಬಾಗಿಲಲ್ಲೇ ಹಿಡಿದುಕೊಂಡರು.

"ನರ್ಸಮ್ಮ, ಅವಳಿಗೆ ಬಲಗಡೆ ಭುಜ ನೋಯ್ತದಂತೆ. ರಾತ್ರಿಯಿಂದ ಬಲಮಗ್ಗುಲು ಬಿಟ್ಟು ಏಳ್ತಾ ಇಲ್ಲ. ಎಡಕ್ಕೆ ತಿರುಗಿಸಿದ್ರೆ ಆಗಲ್ಲ ಅತ್ತೆ ಅಂತಾಳೆ."

"ಮಗ್ಗದ ಕೆಲಸದೋರಿಗೆ ಭುಜ ನೋಯ್ದೆ ಇನ್ನೇನು ನೋಯುತ್ತಜ್ಜಿ? ಊರಿಗೆಲ್ಲ ಇರೋದೇ ಅದು" ಎಂದೆ.

"ಮಗ್ಗದ ನೋವು ನನಗೂ ಗೊತ್ತವ್ವ. ನಲವತ್ತು ವರ್ಷ ನೇಯ್ದಿದೀನಿ. ಇದು ಅಂಗಿಲ್ಲ."

"ಮುಲಾಮು ಕೊಡ್ತೀನಿ, ಹಚ್ಚಿ."

ಮುಲಾಮು ಕೊಟ್ಟೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು. ವಪೆ ಕೆರಳಿದರೆ ನೋವು ಭುಜದಲ್ಲಿ ಕಾಣಿಸುತ್ತದೆ, ಎದೆಯಲ್ಲಿ ನೀರು ತುಂಬಿದವರು ಆ ಕಡೆಯ ಮಗ್ಗುಲಿಗೇ ಮಲಗುತ್ತಾರೆ, ಇದು ನರ್ಸಿಂಗ್ ಓದಿದ ಯಾರಿಗೆ ಗೊತ್ತಿಲ್ಲ? ದೊಡ್ಡಬಳ್ಳಾಪುರದಿಂದ ಬಂದ ಹೆಂಗಸರ ಭುಜಕ್ಕೆ ಮುಲಾಮು ಕೊಟ್ಟೂ ಕೊಟ್ಟೂ ನನಗೆ ಅದು ಅಭ್ಯಾಸವಾಗಿ ಹೋಗಿತ್ತು.

ಹನ್ನೊಂದು ಗಂಟೆಗೆ ಆಯಾ ಬಂದು ಕರೆದಳು. ಪದ್ಮ ಮೇಲುಸಿರು ಬಿಡುತ್ತಿದ್ದಳು. ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ಪು ಎಂಬತ್ತೊಂಬತ್ತು ತೋರಿಸಿತು. ತೊಂಬತ್ತೈದರ ಮೇಲಿರಬೇಕಾದದ್ದು ಅದು. ಹೊದಿಕೆ ಸರಿಸಿ ನೋಡಿದರೆ, ಹೊಲಿಗೆಯ ಪಟ್ಟಿಯ ಮೇಲೆ, ಎದೆಯ ಕೆಳಗಿನಿಂದ ಸೊಂಟದವರೆಗೆ ಹಳೇ ಸೀರೆಯನ್ನು ನಾಲ್ಕು ಸುತ್ತು ಬಿಗಿದು ಗಂಟು ಹಾಕಿದ್ದಾರೆ, ಬಾಣಂತಿಗೆ ಕಟ್ಟುವ ಹಾಗೆ.

"ಯಾರು ಕಟ್ಟಿದ್ದು ಇದನ್ನ?"

"ನಾನೇ ಕಣವ್ವ" ಎಂದರು ಅಶ್ವತ್ಥಮ್ಮ. "ಹೊಟ್ಟೆ ಕುಯ್ದವಳಲ್ವ, ಗಾಳಿ ಸೇರ್ಕೊಂಡು ಹಿಂಗಾಗ್ತೈತೆ ಅಂತ ಕಟ್ದೆ, ಒಂದು ಗಂಟೆ ಹೊತ್ತಾಯ್ತು. ಮೂರು ಬಾಣಂತನಕ್ಕೂ ಇಂಗೇ ಕಟ್ಟಿದ್ದು ಇವಳಿಗೆ."

"ಇದೇನು ಹೆರಿಗೆಯಾ? ಉಸಿರು ಕಟ್ಟಿ ಸಾಯಿಸ್ಬಿಡ್ತೀರಲ್ರೀ ಸೊಸೇನ" ಎಂದೆ. ಇಡೀ ವಾರ್ಡು ತಿರುಗಿ ನೋಡಿತು. ಅಜ್ಜಿಯ ಮುಖ ಇಷ್ಟಾಯಿತು.

ಸೀರೆ ಬಿಚ್ಚಿದೆ. ತಲೆದಿಂಬು ಎತ್ತರಿಸಿದೆ, ಆಮ್ಲಜನಕ ಹಚ್ಚಿದೆ. ಕ್ಲಿಪ್ಪು ತೊಂಬತ್ತಮೂರು ತೋರಿಸಿತು. ಪದ್ಮ, "ಈಗ ವಾಸಿ ಸಿಸ್ಟರ್" ಎಂದಳು. ನನಗೆ ಅಷ್ಟು ಸಾಕಾಯಿತು. ಕಾರಣ ಕಣ್ಣ ಮುಂದೆ ಇತ್ತು, ಬಿಚ್ಚಿದೆ, ಸರಿಹೋಯಿತು. ಬೆನ್ನಿಗೆ ಸ್ಟೆಥಾಸ್ಕೋಪು ಇಡಲಿಲ್ಲ. ಡ್ಯೂಟಿ ಡಾಕ್ಟರನ್ನು ಕರೆಯಲಿಲ್ಲ. 'ಮನೆಯವರು ಹೊಟ್ಟೆಗೆ ಬಟ್ಟೆ ಬಿಗಿದದ್ದರಿಂದ ಉಸಿರಾಟಕ್ಕೆ ತೊಂದರೆ, ಬಿಚ್ಚಿದ ಮೇಲೆ ಸುಧಾರಣೆ' ಎಂದು ಕೇಸ್ ಶೀಟಿನಲ್ಲಿ ದುಂಡಗೆ ಬರೆದು, ಸಹಿ ಹಾಕಿ, ಬೇರೆ ಮಂಚಕ್ಕೆ ಹೋದೆ.

ಮೂರೂವರೆಗೆ ಮತ್ತೆ ಕರೆ ಬಂತು. ಪದ್ಮ ಮಂಚದ ಕಂಬಿ ಹಿಡಿದು ಎದ್ದು ಕೂತಿದ್ದಳು. ತುಟಿ ನೀಲಿ. "ಸಿಸ್ಟರ್, ಆಗ್ತಾ" ಎಂದಳು, ಮಾತು ಮುಗಿಸಲು ಉಸಿರಿರಲಿಲ್ಲ. ಕ್ಲಿಪ್ಪು ಎಂಬತ್ತರಲ್ಲಿ. ಈ ಸಲ ಹೊಟ್ಟೆಯ ಮೇಲೆ ಯಾವ ಸೀರೆಯೂ ಇರಲಿಲ್ಲ. ಅದನ್ನು ನೋಡಿದ ಕ್ಷಣವೇ ನನಗೆ ಎಲ್ಲ ತಿಳಿಯಿತು.

ಡ್ಯೂಟಿ ಡಾಕ್ಟರು ಓದು ಮುಗಿಸಿ ಒಂದು ವರ್ಷವಾಗಿದ್ದ ಹೆಣ್ಣುಮಗಳು. ಬೆನ್ನಿಗೆ ಸ್ಟೆಥಾಸ್ಕೋಪು ಇಟ್ಟು, "ಎಡಗಡೆ ಕೇಳ್ತಿದೆ ಸಿಸ್ಟರ್. ಬಲಗಡೆ ಏನೂ ಇಲ್ಲ" ಎಂದಳು. ಮಂಚದ ಹತ್ತಿರವೇ ತೆಗೆದ ಎಕ್ಸರೇಯಲ್ಲಿ ಬಲ ಎದೆ ಪೂರ್ತಿ ಬೆಳ್ಳಗೆ. ನೀರು. ಶೇಷಾದ್ರಿ ಸರ್ ಸಿಟಿಯಲ್ಲಿದ್ದರು. ಫೋನಿನಲ್ಲಿ, "ನಾನು ಹೊರಟೆ, ಆದರೆ ನನಗೆ ಕಾಯಬೇಡಿ. ಈಗಲೇ ಕೊಳವೆ ಹಾಕಿ" ಎಂದರು. ಆ ಹುಡುಗಿ ಅದುವರೆಗೆ ಎರಡು ಸಲ ಮಾತ್ರ ಕೊಳವೆ ಹಾಕಿದ್ದಳಂತೆ, ಅದೂ ಪಕ್ಕದಲ್ಲಿ ದೊಡ್ಡ ಡಾಕ್ಟರು ನಿಂತಿದ್ದಾಗ. ನಾನು ಪದ್ಮಳ ಪಕ್ಕೆಯ ಮೇಲೆ ಬೆರಳಿಟ್ಟು, "ಐದನೇ ಸಂದಿ ಇದು. ಎಣಿಸಿದ್ದೀನಿ, ನೀವೂ ಎಣಿಸಿ" ಎಂದೆ. ಎಣಿಸಿದಳು. ಪದ್ಮಳ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡೆ. ಚಾಕು ಇಟ್ಟಾಗ ಅವಳು ಕೂಗಲೂ ಇಲ್ಲ, ಕೂಗುವುದಕ್ಕೆ ಉಸಿರು ಬೇಕಲ್ಲ. ನನ್ನ ತೋಳನ್ನು ಉಗುರು ನೆಡುವ ಹಾಗೆ ಹಿಡಿದಳು. ಕೊಳವೆ ಒಳಗೆ ಹೋಯಿತು, ಮಾಸಲು ಕೆಂಪು ನೀರು ಬುಳಬುಳ ಬಂದು ಬಾಟಲಿ ತುಂಬುತ್ತ ಹೋಯಿತು. ಒಂದೇ ಸಲ ಎಲ್ಲ ಬಿಡಬಾರದೆಂದು ನಡುವೆ ನಿಲ್ಲಿಸಿ, ನಿಲ್ಲಿಸಿ ಬಿಟ್ಟೆವು. ಎಂಬತ್ತನಾಲ್ಕು. ಎಂಬತ್ತೆಂಟು. ತೊಂಬತ್ತೊಂದು. ತೊಂಬತ್ತೈದು ಕಂಡಾಗ ನಾನು ಅವಳ ಮಂಚದ ತುದಿಗೇ ಕೂತುಬಿಟ್ಟೆ.

ಸರ್ ಐದೂವರೆಗೆ ಬಂದರು. ಪದ್ಮಳನ್ನು ನೋಡಿ, ನನ್ನ ಬರಹ ಓದಿ, ತಲೆ ಎತ್ತಿದರು.

"ಹನ್ನೊಂದಕ್ಕೆ ಉಸಿರಿಗೆ ತೊಂದರೆ ಅಂತ ಬರೆದಿದ್ದೀರಿ. ಫೋನ್ ಯಾಕೆ ಬರಲಿಲ್ಲ?"

ಬಾಗಿಲ ಹತ್ತಿರ ಅಶ್ವತ್ಥಮ್ಮ ನಿಂತಿದ್ದರು. ನಾನು ಅವರ ಕಡೆ ನೋಡಿಯೇ ಹೇಳಿದೆ, "ಸರ್, ಅತ್ತೆ ಹೊಟ್ಟೆಗೆ ಸೀರೆ ಬಿಗಿದುಬಿಟ್ಟಿದ್ರು."

ಅವರು ಅಜ್ಜಿಯ ಕಡೆ ತಿರುಗಿದರು. "ಏನಮ್ಮಾ ಇದು? ಇಲ್ಲಿ ಇಷ್ಟು ಜನ ಇದ್ದೀವಿ, ಕೇಳಬಾರದಾ? ಜೀವ ಹೋಗ್ತಿತ್ತು."

ಅಜ್ಜಿ ಬೆಳಗ್ಗೆ ಭುಜದ ವಿಷಯ ಹೇಳಿದ್ದನ್ನು ಬಾಯಿ ಬಿಡಲಿಲ್ಲ. ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಕೊಂಡು ಹೊರಗೆ ಹೋದರು. ಸರ್ ಆಮೇಲೆ ಪಡಸಾಲೆಯಲ್ಲಿ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು ಪಿಸುಮಾತಿನಲ್ಲಿ, "ಸೀರೆ ಕಟ್ಟಿದ್ರೆ ಎದೇಲಿ ನೀರು ತುಂಬಲ್ಲ ಸಿಸ್ಟರ್. ನಿಮಗೂ ಗೊತ್ತು" ಎಂದರು. ಗೊತ್ತಿತ್ತು. ಬಿಗಿದ ಸೀರೆ ಉಸಿರನ್ನು ಇನ್ನಷ್ಟು ಕಷ್ಟ ಮಾಡಿತ್ತು, ಅದು ನಿಜ. ಆದರೆ ಉಸಿರು ಕೆಡಲು ಶುರುವಾಗಿದ್ದಕ್ಕೇ ಅಜ್ಜಿ ಸೀರೆ ಕಟ್ಟಿದ್ದು, ಸೀರೆ ಕಟ್ಟಿದ್ದಕ್ಕೆ ಉಸಿರು ಕೆಟ್ಟಿದ್ದಲ್ಲ. ಹನ್ನೊಂದರಿಂದ ಲೆಕ್ಕ ಹಾಕಿದರೂ ನಾಲ್ಕೂವರೆ ಗಂಟೆ ಹಾಳುಮಾಡಿದವಳು ನಾನು. ಈ ಮಾತನ್ನು ಹೊರಗೆ ಕೂತ ಆ ಮುದುಕಿಗೆ ಹೋಗಿ ಹೇಳಬೇಕಿತ್ತು. ಸರ್ ಹೇಳಲಿಲ್ಲ, ನಾನೂ ಹೇಳಲಿಲ್ಲ.

ವಾರ್ಡಿನಲ್ಲಿ ಪದ್ಧತಿ ಬದಲಾಯಿತು. ವಪೆ ಸುಲಿದವರಿಗೆ ಮಾರನೇ ದಿನ ಮತ್ತು ಮೂರನೇ ದಿನ ಎಕ್ಸರೇ. ಭುಜ ನೋವೆಂದರೆ ಮುಲಾಮು ಕೊಡುವ ಮುಂಚೆ ಡಾಕ್ಟರಿಗೆ ಫೋನು. ಲಿವರಿನ ಹತ್ತಿರ ಇಟ್ಟ ಕೊಳವೆಯ ಚೀಲದಲ್ಲಿ ಹಸಿರು ಹಳದಿ ಬಣ್ಣ ಕಂಡರೆ ಪಿತ್ತ ಸೋರುತ್ತಿದೆ ಎಂದು ಆಯಾಗಳಿಗೂ ಹೇಳಿಕೊಟ್ಟೆ. ಆಪರೇಷನ್ನಿನ ಹಿಂದಿನ ದಿನವೇ ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು, ಇದು ಬಾಣಂತನ ಅಲ್ಲ, ಹೊಟ್ಟೆ ಕಟ್ಟಬೇಡಿ, ನೀರು ಕೊಡದೆ ಇರಬೇಡಿ ಎಂದು ಬಿಡಿಸಿ ಹೇಳುತ್ತಿದ್ದೆವು. ಎಲ್ಲರೂ ನನ್ನನ್ನು ಹೊಗಳಿದರು. ಬೇರೆ ಆಸ್ಪತ್ರೆಯವರು ಬಂದು ನೋಡಿಕೊಂಡು ಹೋದರು. ಆ ಹೊಗಳಿಕೆ ಕೇಳುವಾಗಲೆಲ್ಲ ನನಗೆ ನೆಲ ನೋಡುವ ಹಾಗಾಗುತ್ತಿತ್ತು.

ಪದ್ಮ ಗುಣವಾಗಿ ಮನೆಗೆ ಹೋದಳು. ತಿಂಗಳಾದ ಮೇಲೆ ಉಳಿದ ಮೂರು ಕೀಮೋ ಶುರುವಾದವು. ಅಶ್ವತ್ಥಮ್ಮ ಪ್ರತಿ ಸಲವೂ ಜೊತೆಯಲ್ಲಿ ಬರುತ್ತಿದ್ದರು, ಆದರೆ ಒಳಗೆ ಕಾಲಿಡುತ್ತಿರಲಿಲ್ಲ. ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದರು. ಔಷಧಿಯ ವಾಸನೆ ಆಗುವುದಿಲ್ಲವೇನೋ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಮೂರನೇ ಕೀಮೋದ ದಿನ ಸೂಜಿ ಹಾಕುವಾಗ ಪದ್ಮ ತಾನಾಗಿಯೇ ಹೇಳಿದಳು.

"ಸಿಸ್ಟರ್, ನಮ್ಮತ್ತೆ ನನ್ನ ಮುಟ್ಟೋದೇ ಇಲ್ಲ. ಅನ್ನ ಮಾಡಿ ತಟ್ಟೆ ದೂರ ಇಟ್ಟು ಹೋಗ್ತಾರೆ. ಬೆನ್ನು ನೋಯ್ತದೆ ಸ್ವಲ್ಪ ಉಜ್ಜಿ ಅತ್ತೆ ಅಂದ್ರೆ ನನ್ನ ಮಗಳನ್ನ ಕರೀತಾರೆ. 'ನನ್ ಕೈ ಒಳ್ಳೇದಲ್ಲ ಕಣವ್ವ, ನಿನ್ನ ಕೊಂದೇ ಬಿಡ್ತಿತ್ತು' ಅಂತಾರೆ. ಈ ಕಾಯಿಲೆಗೂ ನಾನು ಅತ್ತಿಲ್ಲ ಸಿಸ್ಟರ್, ಇದಕ್ಕೆ ಅಳು ಬರುತ್ತೆ."

ಸೂಜಿಗೆ ಪಟ್ಟಿ ಅಂಟಿಸಿ ನಾನು ನೆಟ್ಟಗೆ ಹೊಂಗೆ ಮರದ ಹತ್ತಿರ ಹೋದೆ. ನಿಂತುಕೊಂಡು ಹೇಳಲು ಆಗಲಿಲ್ಲ, ಅವರ ಎದುರು ನೆಲದ ಮೇಲೆ ಕೂತೆ. ಸುಲಿದ ಜಾಗದಿಂದ ನೀರು ಒಸರಿದ್ದು, ಭುಜ ನೋವು ಅದರ ಗುರುತು, ನಾನು ಗಮನಿಸದೆ ಬಿಟ್ಟದ್ದು, ಸರ್ ಕೇಳಿದಾಗ ಅವರನ್ನು ತೋರಿಸಿದ್ದು, ಎಲ್ಲ ಹೇಳಿದೆ.

ಅವರು ಪಕ್ಕದಲ್ಲಿದ್ದ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ನಾನು ಬೆಳಗ್ಗೆನೇ ಹೇಳ್ದೆ ಅಲ್ವೇನವ್ವ."

"ಹೇಳಿದ್ರಿ."

"ಭುಜ ಅಂದೆ. ಮಗ್ಗುಲು ಅಂದೆ."

"ಹೂಂ ಅಜ್ಜಿ."

"ಮತ್ತೆ ಇಷ್ಟು ದಿನ ಯಾಕೆ ಸುಮ್ಕಿದ್ದೆ?"

"ಹೆದರಿಕೆ. ಕೆಲಸ ಹೋಗುತ್ತೆ ಅಂತಲ್ಲ. ಇಷ್ಟು ವರ್ಷ ಸರ್ವೀಸ್ ಆದೋಳು ಇಂಥಾ ತಪ್ಪು ಮಾಡಿದ್ಲು ಅಂತ ಅನ್ನಿಸ್ಕೋಬೇಕಲ್ಲ ಅಂತ."

"ನಾನು ಅನ್ನಿಸ್ಕೊಂಡ್ನಲ್ಲ" ಎಂದರು.

ಅವರು ಕೋಲು ಊರಿ ಎದ್ದು, "ಬಾ ಒಳಿಕೆ. ಅವಳ ಮುಂದೆ ಹೇಳು" ಎಂದರು.

ಕೀಮೋ ಕೊಡುವ ಕೋಣೆಯಲ್ಲಿ ಐದಾರು ಜನ ರೋಗಿಗಳು, ಅವರ ಮನೆಯವರು, ನನ್ನ ಕೈ ಕೆಳಗಿನ ಇಬ್ಬರು ನರ್ಸುಗಳು. ಎಲ್ಲರ ಮುಂದೆ ಮತ್ತೊಂದು ಸಲ ಹೇಳಿದೆ. ಪದ್ಮ ನನ್ನ ಮುಖವನ್ನು ಒಂದು ಸಲ ನೋಡಿದಳು, ಬೈಯಲಿಲ್ಲ. ಕಾಲು ಸರಿಸಿ ಜಾಗ ಮಾಡಿ, "ಬನ್ನಿ ಅತ್ತೆ, ಕೂತ್ಕಳಿ" ಎಂದಳು. ಅಶ್ವತ್ಥಮ್ಮ ಕೂತರು. ಸೆರಗಿನಿಂದ ಕೈ ತೆಗೆದು, ಸೊಸೆಯ ಬೆನ್ನ ಮೇಲೆ ಇಟ್ಟು, ಮೆಲ್ಲಗೆ ಉಜ್ಜಲು ಶುರುಮಾಡಿದರು. ನನ್ನ ಕಡೆ ತಿರುಗಿ ನೋಡಲಿಲ್ಲ. ಆಮೇಲೂ ಎಷ್ಟೋ ಸಲ ಬಂದರು, ಮಾತಾಡಿಸಿದರೆ ಮಾತಾಡಿದರು, ಕ್ಷಮಿಸಿದ್ದೀನಿ ಎಂದು ಯಾವತ್ತೂ ಹೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಆಪರೇಷನ್ ಆದ ಮೇಲೆ ಪದ್ಮ ಒಂದು ವರ್ಷ ಏಳು ತಿಂಗಳು ಬದುಕಿದಳು. ರೋಗ ಮರಳಿ ಬಂತು, ಯಾರ ಕೈಯಲ್ಲೂ ಏನೂ ಇರಲಿಲ್ಲ. ಅವಳಿಗೆ ಸಿಕ್ಕಿದ್ದು ಅಷ್ಟೇ ತಿಂಗಳು, ಅದರಲ್ಲಿ ಮೊದಲ ಮೂರು ತಿಂಗಳು ಅತ್ತೆ ಅವಳನ್ನು ಮುಟ್ಟಲಿಲ್ಲ. ಮುಟ್ಟದ ಹಾಗೆ ಮಾಡಿದವಳು ನಾನು.